ಬಚ್ಚಲ ಗೋಡೆಯ ಕಪ್ಪು ಬೂಷ್ಟು

ಎಲ್ಲರೂ ಚೆನ್ನಾಗಿದ್ದೀರಾ? ಇವತ್ತು ನನ್ನ ಸೊಸೆ ಗಿರಿಜಾ ಮಾಡಿದ ಕೆಲಸ ನಿಮಗೆ ಹೇಳದೆ ನನಗೆ ಊಟ ಸೇರೋದಿಲ್ಲ.

ನಮ್ಮ ಬಚ್ಚಲ ಟೈಲ್ಸ್ ಸಂದುಗಳಿಗೆ, ಎಷ್ಟು ತಿಕ್ಕಿದರೂ ಹದಿನೈದು ದಿನಕ್ಕೆ ಮತ್ತೆ ಕಪ್ಪು ಬೂಷ್ಟು ಹಿಡಿಯುತ್ತಿತ್ತು. ಬೆಳಿಗ್ಗೆ ಬಂದ ಮೇಸ್ತ್ರಿ ನೋಡಿದವನೇ, "ಒಳಗೆ ಪೈಪ್ ಸೋರ್ತಾ ಅದೆ ತಾತಾ, ಗೋಡೆ ಪೂರಾ ಒಡೀಬೇಕು" ಅಂದ. "ಒಡಿಯಪ್ಪಾ" ಅಂದುಬಿಟ್ಟೆ. ಅವನು ಸುತ್ತಿಗೆ ತೆಗೆದ.

ಗಿರಿಜಾ ಅಡ್ಡ ನಿಂತಳು. "ಪೈಪ್ ಸೋರಿದ್ರೆ ಇಷ್ಟಗಲ ಜಾಗಕ್ಕೆ ಮಾತ್ರ ಯಾಕಣ್ಣಾ ಹಿಡೀತದೆ?"

"ಹಂಗಾದ್ರೆ ನೀನೇ ಹೇಳಮ್ಮಾ, ಇಂಜಿನಿಯರಮ್ಮಾ!" ಅಂತ ಅವನು ನಕ್ಕ.

ಅವಳು ನನ್ನ ಕಡೆ ತಿರುಗಿ, "ಮಾವ, ಎಣ್ಣೆ ಹಚ್ಕೊಂಡಾಗ ಕೂರೋ ಹಂಗೆ ಒಂದ್ಸಲ ಕೂತ್ಕೊಳ್ಳಿ" ಅಂದಳು. ಮಣೆ ಹಾಕಿ ಗೋಡೆಗೆ ಒರಗಿ ಕೂತೆ. ಎದ್ದು ನೋಡಿದರೆ, ನನ್ನ ಬೆನ್ನು ತಾಗಿದ ಜಾಗವೂ ಬೂಷ್ಟು ಹಿಡಿದ ಜಾಗವೂ ಒಂದೇ! ಪ್ರತಿ ಶನಿವಾರ ಮೈತುಂಬ ಹರಳೆಣ್ಣೆ ಬಳಿದುಕೊಂಡು ಅರ್ಧ ಗಂಟೆ ಅಲ್ಲೇ ಒರಗುವವನು ನಾನು. ಆ ಜಿಡ್ಡೇ ಸಂದಿನಲ್ಲಿ ಕೂತು ಬೂಷ್ಟನ್ನು ಸಾಕುತ್ತಿತ್ತು.

ಮೇಸ್ತ್ರಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡ. "ನಿನ್ನ ಸೊಸೆ ಬಲು ಚುರುಕು ತಾತಾ."

"ಕೆಲಮಂಗಲದಿಂದ ಹುಡುಕಿ ತಂದವನು ನಾನೇ ಕಣಯ್ಯಾ" ಅಂದೆ.

ಸೋಪಿನ ಪುಡಿ ಹಾಕಿ ಗೋಡೆ ತಿಕ್ಕುವ ಕೆಲಸವೂ ನನಗೇ ಬಂತು. ಇವತ್ತಿನ ಎಣ್ಣೆಯೂ ಹಿತ್ತಲ ಬಿಸಿಲಲ್ಲೇ ಆಯಿತು. ಅಲ್ಲಿ ಒರಗೋಕೆ ಗೋಡೆಯಿಲ್ಲ. ಆದರೂ ಇವತ್ತು ಯಾಕೋ ನನ್ನ ಬೆನ್ನು ತಾನಾಗೇ ನೆಟ್ಟಗೆ ನಿಂತಿತ್ತು.