ಅತ್ತೆಯ ಸೀರೆಯ ಬಣ್ಣ

ನನ್ನ ಎದೆ ತಾಳ ತಪ್ಪಿದ್ದು ಯುದ್ಧದ ಕಾಲದಲ್ಲಿ, ಕಾಫಿಪುಡಿಗೆ ಊರೆಲ್ಲ ಪರದಾಡುತ್ತಿದ್ದಾಗ. ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ. ನಮ್ಮೆಜಮಾನರ ಮಗ್ಗ ಲಯ ಬಿಡದೆ ಬಡಿಯುತ್ತಿದ್ದರೆ, ಪಕ್ಕದಲ್ಲಿ ನೂಲು ಸುತ್ತುತ್ತ ಕೂತ ನನ್ನ ಎದೆ ಮಾತ್ರ ಹೊಸಬ ಕೂತ ಮಗ್ಗದ ಹಾಗೆ ಒಮ್ಮೆ ಓಡುವುದು, ಒಮ್ಮೆ ತಡವರಿಸುವುದು.

ಡಾಕ್ಟರು ನಾಡಿ ಹಿಡಿದು ಬಹಳ ಹೊತ್ತು ಕೂತರು. "ಹೃದಯದ ಮೇಲಿನ ಕೋಣೆಗಳು ಬಡಿಯೋ ಬದಲು ನಡುಗ್ತಾ ಇವೆ ಕಣಮ್ಮ. ಪೂರ್ತಿ ವಾಸಿಯಾಗೋದಲ್ಲ, ಹದ್ದುಬಸ್ತಿನಲ್ಲಿ ಇಟ್ಕೋಬಹುದು," ಎಂದು ಕಂದು ಬಣ್ಣದ ಔಷಧದ ಶೀಶೆ ಕೊಟ್ಟರು. ಬೆಳಿಗ್ಗೆ ನೀರಿಗೆ ಹನಿ ಹಾಕಿ ಕುಡಿಯಬೇಕು. ಕಾಫಿ ಬೇಡ, ಎಲೆಯಡಿಕೆ ಜೊತೆ ಹೊಗೆಸೊಪ್ಪು ಬೇಡ, ರಾತ್ರಿ ಹೊಟ್ಟೆ ಬಿರಿಯುವಷ್ಟು ಮುದ್ದೆ ಉಣ್ಣಬೇಡ ಎಂದರು. ನನಗಿದ್ದ ಸುಖವೆಲ್ಲ ಅಷ್ಟೇ. ಇನ್ನು ಉಸಿರಾಡುವುದನ್ನೂ ಬಿಡಬೇಕೇನು ಎಂದು ಕೇಳುವ ಮನಸ್ಸಾಯಿತು. ಅತ್ತೆ ಪಕ್ಕದಲ್ಲಿದ್ದರು, ಶೀಶೆ ತೆಗೆದುಕೊಂಡು ಎದ್ದೆ.

ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಅಂದಿನಿಂದ ಬಿಳಿ ಸೀರೆ. ಮನೆಯಲ್ಲಿ ಶುಭಕಾರ್ಯ ಬಂದರೆ ಯಾರೂ ಹೇಳುವ ಮೊದಲೇ ಒಳಕೋಣೆಯ ಕತ್ತಲು ಸೇರುವರು. ಮಾತು ಬಲು ಖಾರ. ಆದರೆ ನನ್ನ ಪಥ್ಯ ಕಾದವರು ಅವರೇ. ಹೊಗೆಸೊಪ್ಪಿನ ಡಬ್ಬಿಯನ್ನು ತಿಪ್ಪೆಗೆ ಎಸೆದರು. ನಾನು ಕಾಫಿ ಬಿಟ್ಟಾಗ ತಾವೂ ಬಿಟ್ಟು, "ನಂಗೆ ಅದು ಸೇರಲ್ಲ ಬಿಡು," ಎಂದರು. ಶುದ್ಧ ಸುಳ್ಳು. ಪಕ್ಕದ ಮನೆಯಲ್ಲಿ ಕಾಫಿ ಕಾಯಿಸಿದರೆ ಅವರ ಮೂಗು ಅರಳುತ್ತಿತ್ತು.

ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು, ತ್ಯಾಮಗೊಂಡ್ಲಿನ ಕಡೆ ಸಂಬಂಧ. ನಿಂತು ಧಾರೆ ಎರೆದುಕೊಟ್ಟರೆ ಸಾಕು, ಆಮೇಲೆ ಎದೆ ಏನಾದರೂ ಮಾಡಿಕೊಳ್ಳಲಿ ಎಂದಿದ್ದೆ. ಬೀಗರು ಮಾತುಕತೆಗೆ ಬಂದುಹೋಗುತ್ತಿದ್ದರು, ಆಗೆಲ್ಲ ಅತ್ತೆ ಒಳಕೋಣೆಯಲ್ಲಿ. ಬೀಗಿತ್ತಿಯ ಜೊತೆ ಕೂತು ಕಾಫಿ ಕುಡಿಯದಿದ್ದರೆ ಮುನಿಸು. ಹೆಣ್ಣಿನ ತಾಯಿಗೆ ಕಾಯಿಲೆ ಎಂದು ಬಾಯಿಬಿಡುವಂತೆಯೂ ಇಲ್ಲ. ಕುಡಿಯುವುದು, ಎದೆ ಹಾರುವುದು, ಒಳಗೆ ಹೋಗಿ ಇನ್ನಷ್ಟು ಹನಿ ಹಾಕಿಕೊಳ್ಳುವುದು. ಔಷಧ ತಾನೇ, ಹೆಚ್ಚಾದರೆ ಹೆಚ್ಚು ಗುಣ ಎಂದುಕೊಂಡಿದ್ದೆ. ಎದೆಯೇನೋ ನಿಧಾನವಾಯಿತು, ಅನ್ನ ಕಂಡರೆ ವಾಕರಿಕೆ ಶುರುವಾಯಿತು. ಆಮೇಲೆ ಗೋಡೆಯ ಸುಣ್ಣ, ಲೋಟದ ಹಾಲು, ಎಲ್ಲದರ ಮೇಲೂ ಹಳದಿ ಛಾಯೆ. ಮದುವೆ ಮನೆ, ಅರಿಶಿನ ಕುಟ್ಟುತ್ತಿದ್ದಾರೆ, ಅದರ ಧೂಳಿರಬೇಕು ಎಂದುಕೊಂಡೆ.

ನಮ್ಮಲ್ಲಿ ಧಾರೆಯ ಸೀರೆ ಕೆಂಪು ಅಂಚಿನ ಬಿಳಿ ಸೀರೆ. ಹೆಣ್ಣಿನ ತಾಯಿ ಅದನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಹಾಕಬೇಕು. ಬಿಳಿಯಾಗಿಯೇ ಉಟ್ಟರೆ ಅಪಶಕುನ. ಮದುವೆಯ ಹಿಂದಿನ ದಿನ ಬೆಳಿಗ್ಗೆ, ನಮ್ಮೆಜಮಾನರೇ ನೇಯ್ದ ಆ ಸೀರೆಯ ಮಡಿಕೆ ಬಿಚ್ಚಿದೆ. ಆಗಲೇ ಅದ್ದಿ ಒಣಗಿಸಿದಂತಿತ್ತು. ಮದುವೆಗೆ ಬಂದ ನಾದಿನಿಯೇ ನನ್ನ ಬದಲು ಮುಗಿಸಿರಬೇಕು ಎಂದು ಮತ್ತೆ ಮಡಿಸತೊಡಗಿದೆ.

ಹೊಸ್ತಿಲಾಚೆ ನಿಂತಿದ್ದ ಅತ್ತೆ, "ಅದ್ದೋದಿಲ್ವೇನೇ?" ಎಂದರು.

"ಆಗಿದೆಯಲ್ಲ ಅತ್ತೆ. ಎಷ್ಟು ಚೆನ್ನಾಗಿ ಅರಿಶಿನ ಹಿಡಿದಿದೆ ನೋಡಿ."

ಅತ್ತೆ ಸೀರೆಯನ್ನೂ ನನ್ನ ಮುಖವನ್ನೂ ನೋಡಿದರು. ಆಮೇಲೆ ಮೆಲ್ಲಗೆ, "ನನ್ನ ಸೀರೆ ಯಾವ ಬಣ್ಣ ಐತೆ ಹೇಳು," ಎಂದರು.

ತಿರುಗಿ ನೋಡಿದೆ. ಬಾಗಿಲ ಬೆಳಕಿನಲ್ಲಿ ಅವರು ಅಡಿಯಿಂದ ಮುಡಿಯವರೆಗೆ ಹಳದಿ. ಹಸೆಗೆ ಹೊರಟ ಮುತ್ತೈದೆಯ ಹಾಗಿದ್ದರು.

"ಹಳದಿ," ಎಂದೆ.

ಮದುವೆಯ ಸಾಮಾನಿಟ್ಟ ಕೋಣೆಗೆ ಎಂದೂ ಕಾಲಿಡದ ಅತ್ತೆ ಒಳಗೆ ಬಂದು, ನನ್ನ ರಟ್ಟೆ ಹಿಡಿದು ಕೂರಿಸಿದರು. ನಮ್ಮೆಜಮಾನರನ್ನು ಕೂಗಿ ಜಟಕಾ ತರಿಸಿದರು. ಡಾಕ್ಟರು ಕಣ್ಣು ನೋಡಿ, ನಾಡಿ ನೋಡಿ, ಶೀಶೆ ಕಿತ್ತಿಟ್ಟುಕೊಂಡರು. "ಈ ಹನಿ ಮೈಯಲ್ಲಿ ಜಾಸ್ತಿಯಾದ್ರೆ ಮೊದಲು ಊಟ ಸೇರಲ್ಲ, ಆಮೇಲೆ ಕಣ್ಣಿಗೆ ಎಲ್ಲಾ ಹಳದಿಯಾಗಿ ಕಾಣುತ್ತೆ. ಇನ್ನೂ ಕುಡಿದಿದ್ರೆ ಎದೆ ನಿಂತೇ ಹೋಗ್ತಿತ್ತು," ಎಂದರು.

ಸೀರೆಯನ್ನು ನಾದಿನಿ ಅದ್ದಿದಳು. ಮರುದಿನ ನಾನು ಕಂಬಕ್ಕೆ ಒರಗಿ ಕೂತಿದ್ದು, ಧಾರೆಯ ಹೊತ್ತಿಗೆ ಎದ್ದು ನಿಂತು ನೀರೆರೆದೆ. ಎಲ್ಲರಿಗೂ ಹೋಳಿಗೆ, ನನಗೆ ಮಜ್ಜಿಗೆ ಅನ್ನ. ಬೀಗಿತ್ತಿ ಕಾಫಿ ಹಿಡಿದು ಬಂದಾಗ ಅತ್ತೆ ಒಳಕೋಣೆಯಿಂದಲೇ, "ಅವಳಿಗೆ ಎದೆ ಕಾಯಿಲೆ, ಕೊಡಬ್ಯಾಡಿ," ಎಂದು ಚಪ್ಪರಕ್ಕೆಲ್ಲ ಕೇಳುವಂತೆ ಹೇಳಿಬಿಟ್ಟರು. ನನ್ನ ಮಾನ ಹೋಯಿತು ಎಂದುಕೊಂಡೆ. ಬೀಗಿತ್ತಿ ಮುನಿಯಲಿಲ್ಲ, ಪಾಪ, ಇನ್ನೊಂದಿಷ್ಟು ಮಜ್ಜಿಗೆ ತರಲೇ ಎಂದು ಕೇಳಿದರು.

ಕಣ್ಣು ತಿಳಿಯಾದ ಮೇಲೆ ಡಾಕ್ಟರು ಹನಿ ಕಡಿಮೆ ಮಾಡಿ ಮತ್ತೆ ಶುರುಮಾಡಿದರು. ಶೀಶೆ ಅತ್ತೆಯ ವಶವಾಯಿತು. ದಿನಾ ಬೆಳಿಗ್ಗೆ ಹಿತ್ತಿಲ ಬಾಗಿಲ ಬಿಸಿಲಿಗೆ ಬಂದು ನಿಂತು ಕೇಳುವರು: "ಯಾವ ಬಣ್ಣ?"

"ಬಿಳಿ, ಅತ್ತೆ."

"ಹಂಗಾದ್ರೆ ಕುಡಿ."

ಅಷ್ಟು ವರ್ಷ ನಾಲ್ಕು ಜನರ ಕಣ್ಣಿಗೆ ಬೀಳದಂತೆ ಕತ್ತಲಲ್ಲಿ ಬಚ್ಚಿಟ್ಟ ಆ ಬಿಳಿಯನ್ನು ನನ್ನ ಜೀವಕ್ಕಾಗಿ ಬೆಳಕಿಗೆ ಹಿಡಿಯುತ್ತಿದ್ದರು. ಅದನ್ನು ಕಂಡು ನನಗೆ ಸಂಕಟವಾಗುತ್ತಿತ್ತು. ಒಂದು ಬೆಳಿಗ್ಗೆ ತಡೆಯಲಾರದೆ, "ಹಳದಿ ನಿಮಗೆ ತುಂಬ ಒಪ್ಪಿತ್ತು ಅತ್ತೆ," ಎಂದೆ.

ಬೈಯುತ್ತಾರೆ ಎಂದುಕೊಂಡೆ. ಅವರು ಸೆರಗು ಸರಿಮಾಡಿಕೊಂಡರು.

"ನೀನಾದ್ರೂ ನೋಡಿದ್ಯಲ್ಲ," ಎಂದು ಲೋಟ ನನ್ನ ಕೈಗಿಟ್ಟರು.