ಪುಳ್ಳೆಗೆ ಹೋಗುತ್ತಿದ್ದ ಕಾಡು

ಪಾಂಡವಪುರದಾಚೆಯ ಕಾಡಿಗೆ ಈಗ ಗೇಟು ಬಂದಿದೆ, ವಾಕಿಂಗಿಗೆ ಹಾದಿ ಮಾಡಿದ್ದಾರೆ. ಬೆಳಿಗ್ಗೆ ಅಲ್ಲಿ ನಡೆಯುವಾಗ ಲಂಟಾನದ ಘಾಟು ಬಡಿದು ಅಜ್ಜಿ ನೆನಪಾದಳು.

ಚಿಕ್ಕವನಿದ್ದಾಗ ಅವಳೊಂದಿಗೆ ಒಲೆಗೆ ಪುಳ್ಳೆ ಆರಿಸಲು ಇಲ್ಲಿಗೇ ಬರುತ್ತಿದ್ದೆ. ಅವಳು ಒಣಗಿದ್ದನ್ನಷ್ಟೇ ಮುರಿಯುತ್ತಿದ್ದಳು. ನಾನು ಹಸಿ ಕೊಂಬೆ ಮುಟ್ಟಿದರೆ ಕೈಗೆ ಏಟು ಬೀಳುತ್ತಿತ್ತು. ಒಂದು ದಿನ ಗಾರ್ಡು ಅವಳ ಕುಡುಗೋಲು ಕಿತ್ತುಕೊಂಡ.

"ಕಾಡೊಳಕ್ಕೆ ಬರಂಗಿಲ್ಲ ಕಣಜ್ಜಿ."

"ನಿಮ್ಮವ್ವ ಮುದ್ದೆಗೆ ಏನ್ಲಾ ಉರಿ ಇಕ್ತಾಳೆ?"

ಅವನು ನಕ್ಕುಬಿಟ್ಟ. "ಬಿರ್ನೆ ಓಗು, ಸಾಯೇಬ್ರು ಬಂದ್ಬುಡ್ತಾರೆ" ಎಂದು ಕುಡುಗೋಲು ಕೊಟ್ಟು, ಹೊರೆಯನ್ನೂ ತಲೆಗೆ ಎತ್ತಿಸಿದ.

ಇವತ್ತು ಹೊರಬರುವಾಗ, ಪುಳ್ಳೆಗೆಂದು ಬಂದ ಹೆಂಗಸೊಬ್ಬರನ್ನು ಗೇಟಿನಲ್ಲಿ ತಡೆದಿದ್ದರು. ತಿಂದದ್ದು ಕರಗಿಸಲು ಬರುವವರಿಗೆ ತೆರೆದ ಕಾಡು ಬೇಯಿಸಿಕೊಳ್ಳುವವರಿಗೇಕೆ ಮುಚ್ಚಿದೆ ಎಂದು ಗೇಟಿನವರನ್ನು ಕೇಳಿದೆ. ಆಕೆಯನ್ನು ಇನ್ನೂ ಒಳಗೆ ಬಿಟ್ಟಿಲ್ಲ. ಆಕೆಯ ಪಕ್ಕದಲ್ಲೇ ನಿಂತು ಇದನ್ನು ಬರೆಯುತ್ತಿದ್ದೇನೆ.