ಹೇಳದವರಿಗೆ ಒಂದು ಸ್ಟಾರ್

ಮಕ್ಕಳು ಅವರನ್ನು ಪಾಸ್‌ವರ್ಡ್ ಟೀಚರ್ ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಮಗ್ಗಿ, ಕಾಗುಣಿತ ಕಲಿಸಿದವರು. ಆನ್‌ಲೈನ್ ಸುರಕ್ಷತೆಯ ಪಾಠ ಅವರ ಹೆಗಲಿಗೆ ಬಿದ್ದದ್ದು ಅವರಿಗೆ ಕಂಪ್ಯೂಟರ್ ಗೊತ್ತಿದೆ ಎಂದಲ್ಲ. ಕಂಪ್ಯೂಟರ್ ಕೋಣೆಯ ಬೀಗದಕೈ ಅವರ ಬ್ಯಾಗಿನಲ್ಲಿರುತ್ತದೆ ಎಂದು. ಆ ಕೋಣೆಯಲ್ಲಿ ಏಳು ಕಂಪ್ಯೂಟರ್. ಎರಡು ಓಡುತ್ತವೆ, ಐದು ಹಳೇ ಹೊದಿಕೆ ಹೊದ್ದು ಮಲಗಿವೆ.

ಇಲಾಖೆ ಕೊಟ್ಟದ್ದು ಒಂದು ಹಾಳೆ, ಎಂಟು ನಿಯಮ, ವಾರಕ್ಕೆ ನಲವತ್ತು ನಿಮಿಷ. ಅತ್ತ ಮೊಬೈಲ್ ಆಟದ ಕಂಪನಿಗಳ ಕೈಯಲ್ಲಿ ಮಕ್ಕಳ ಇಡೀ ದಿನ ಇದೆ. ‘ನಿನಗೆ ಹದಿಮೂರು ತುಂಬಿದೆಯೇ?’ ಎಂದು ಕೇಳುತ್ತವೆ, ಎಂಟು ವರ್ಷದ ಮಗು ‘ಹೌದು’ ಒತ್ತುತ್ತದೆ, ಅಲ್ಲಿಗೆ ಕಂಪನಿ ಕೈ ತೊಳೆದುಕೊಂಡಿತು. ಆ ಎಂಟು ನಿಯಮಗಳ ಹಾಳೆಯನ್ನು ನಾನೂ ಓದಿದೆ. ಮೂವರು ಸಾಹೇಬರ ಸಹಿ ಇದೆ. ‘ಹೇಳಬಾರದು’ ಆರು ಸಲ ಇದೆ. ‘ಹೇಳು’ ಒಂದೇ ಒಂದು ಸಲವೂ ಇಲ್ಲ.

ಟೀಚರ್ ಕಾಟಾಚಾರಕ್ಕೆ ಪಾಠ ಮಾಡಿದ್ದರೆ ಬಚಾವಾಗುತ್ತಿದ್ದರು. ಅವರು ಮನಸ್ಸಿಟ್ಟು ಮಾಡಿದರು. ಪ್ರತಿ ಮಗುವಿಗೂ ಪಾಸ್‌ವರ್ಡ್ ಎಂದು ಒಂದು ಗುಟ್ಟಿನ ಪದ ಕೊಟ್ಟು, ಬೆಂಚಿನ ಹತ್ತಿರ ಬಗ್ಗಿ, ಬೆಣ್ಣೆಯಂಥ ದನಿಯಲ್ಲಿ, “ನಂಗೊಬ್ಬಳಿಗೇ ಹೇಳು ಪುಟ್ಟಾ, ನಾನು ಟೀಚರ್ ಅಲ್ವಾ?” ಎಂದು ಕೇಳುವರು. ಬಾಯಿಬಿಟ್ಟರೆ ಇಡೀ ತರಗತಿ “ಹೋ!” ಎನ್ನುವುದು. ಬಾಯಿಬಿಡದವರ ಅಂಗೈಗೆ ಬಂಗಾರದ ಬಣ್ಣದ ಸ್ಟಾರ್. ಮೂರನೇ ತರಗತಿಯಲ್ಲಿ ಕಿಟಕಿ ಪಕ್ಕ ಕೂರುವ ಹುಡುಗಿ ಒಮ್ಮೆಯೂ ಸೋತವಳಲ್ಲ.

ಸೋಮವಾರ ಅವಳ ಅಮ್ಮ ಮಗಳನ್ನು ಎಳೆದುಕೊಂಡೇ ಬಂದಳು. ಬಟ್ಟೆ ಹೊಲಿಯುವ ಕಾರ್ಖಾನೆಯ ಕೆಲಸ. ತೋಳಿಗೆ ದಾರದ ತುಣುಕುಗಳು ಅಂಟಿದ್ದವು.

“ಟೀಚರ್, ಇವಳು ನಮ್ಮನೆ ಬಾಗಿಲಿನ ಫೋಟೋ ತೆಗೆದು ಯಾರಿಗೋ ಕಳಿಸಿದ್ದಾಳೆ. ಬೀಗದಕೈ ಇಡೋ ಹೂಕುಂಡದ್ದೂ! ಫೋಟೋ ನನ್ನ ಫೋನಲ್ಲಿ ಸಿಕ್ತು, ಆಟದಲ್ಲಿ ಆಡಿದ ಮಾತೆಲ್ಲ ತಾನೇ ಅಳಿಸಿಹೋಗುತ್ತಂತೆ. ಪೊಲೀಸ್ ಸ್ಟೇಷನ್ನಲ್ಲಿ, ಹೆಸರು ತನ್ನಿ, ಆಮೇಲೆ ನೋಡೋಣ ಅಂದ್ರು. ಇವಳನ್ನ ಕೇಳಿದ್ರೆ, ಹೇಳಬಾರದು ಅಂತ ಟೀಚರ್ ಹೇಳಿದ್ದಾರೆ ಅಂತಾಳೆ. ಏನ್ರೀ ಕಲಿಸಿದ್ದೀರಿ ನೀವು? ಬೀಗ ಬದಲಾಯಿಸ್ದೆ. ಮನೆ ಬದಲಾಯಿಸೋಕಾಗುತ್ತಾ?”

ಟೀಚರ್ ಮಗುವಿನ ಮುಂದೆ ಮಂಡಿಯೂರಿದರು. “ಯಾರಿಗೆ ಕಳಿಸ್ದೆ ಪುಟ್ಟಾ?”

“ಆಟದಲ್ಲಿ ಸಿಗೋ ಅಣ್ಣಂಗೆ.”

“ಅವನ ಹೆಸರೇನು?”

“ಅದು ನಮ್ಮಿಬ್ಬರ ಪಾಸ್‌ವರ್ಡ್ ಅಂತೆ.”

ಟೀಚರ್ ಕಲಿಸಿದ ಪದವನ್ನೇ ಅವನು ಎತ್ತಿಕೊಂಡಿದ್ದ.

“ಅದು ಪಾಸ್‌ವರ್ಡ್ ಅಲ್ಲಮ್ಮ. ನಂಗೆ ಹೇಳಬಹುದು.”

“ಟೀಚರ್‌ಗೂ ಹೇಳಬಾರದು ಅಂತ ನೀವೇ ಹೇಳಿದ್ರಲ್ಲ!”

“ಈಗ ನಾನೇ ಹೇಳ್ತಿದ್ದೀನಿ. ಹೇಳು.”

ಹುಡುಗಿ ಕಿಸಕ್ಕನೆ ನಕ್ಕಳು. “ಹೋದ ವಾರಾನೂ ಹೀಗೇ ಕೇಳಿದ್ರಿ.”

ಅಮ್ಮನಿಗೆ ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಹುಡುಗಿ ಅವಳನ್ನೇ ಒಂದು ಕ್ಷಣ ನೋಡಿ, ಟೀಚರ್ ಕಿವಿಯ ಹತ್ತಿರ ಬಂದಳು. “ಅಮ್ಮಂಗೂ ಹೇಳಿಕೊಟ್ಟಿದ್ದೀರಾ ಟೀಚರ್? ಎಷ್ಟು ಚೆನ್ನಾಗಿ ಅಳ್ತಾಳೆ!”

“ಮನೆಗೆ ಬರ್ತೀನಿ ಅಂದಿದ್ದಾನಾ ಅವನು? ಅದೊಂದು ಹೇಳಿಬಿಡು ಕಂದಾ, ಕೈ ಮುಗೀತೀನಿ.” ಟೀಚರ್ ನಿಜವಾಗಿಯೂ ಕೈ ಮುಗಿದರು.

ಇಷ್ಟು ಕಷ್ಟದ ಪರೀಕ್ಷೆ ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿದಳು, ತುಟಿ ಬಿಗಿದಳು, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದಳೇನೋ. ಆಮೇಲೆ ಕಣ್ಣು ತೆರೆದು ಅಂಗೈ ಚಾಚಿದಳು.

ಸ್ಟಾರ್ ಡಬ್ಬಿ ಮೇಜಿನ ಮೇಲೇ ಇತ್ತು. ಟೀಚರ್ ಆ ಪುಟ್ಟ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟರು.

ಹುಡುಗಿಯ ಮುಖ ಸಣ್ಣದಾಯಿತು. “ನಾನು ಹೇಳಲೇ ಇಲ್ವಲ್ಲ ಟೀಚರ್, ಯಾಕೆ ಕೊಡ್ತಿಲ್ಲ?”